ಮಗ್ಗದ ಹಲಗೆಗೆ ಕಟ್ಟಿದ ತೊಟ್ಟಿಲು

ದಾನಮ್ಮ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು: “ಗುರುಗಳೇ, ನನ್ನ ಮಗಳಿಗೆ ಎರಡು ವರ್ಷ. ನಾನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಿದರೆ ಮಾತ್ರ ಮಲಗುತ್ತಾಳೆ. ಹಾಸಿಗೆಗೆ ಇಳಿಸಿದ ಕೂಡಲೇ ಎಚ್ಚರ. ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಅಳಲಿ ಬಿಡು, ತಾನೇ ಕಲಿಯುತ್ತಾಳೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಅದು ನನ್ನಿಂದ ಆಗುವುದಿಲ್ಲ. ಅಳಿಸದೆ ಕಲಿಸುವ ದಾರಿ ಇಲ್ಲವೇ?”

ಗುರುಗಳು ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದರು. “ಕುಳಿತುಕೋ ತಾಯಿ” ಎಂದು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವನಿಗೊಂದು ಹೆಣ್ಣು ಮಗು ಹುಟ್ಟಿತು. ಮಗು ಅತ್ತರೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ಅವನ ಮಗ್ಗ ನೆಲದಲ್ಲಿ ತೋಡಿದ ಕುಣಿಯ ಮೇಲಿತ್ತು. ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯಬೇಕು. ಅವನು ಒಂದು ಉಪಾಯ ಮಾಡಿದ. ತೊಟ್ಟಿಲನ್ನು ಮಗ್ಗದ ಪಕ್ಕಕ್ಕೆ ತಂದು, ಅದರ ಹಗ್ಗವನ್ನು ತುಳಿಯುವ ಹಲಗೆಗೆ ಕಟ್ಟಿದ. ಒಮ್ಮೆ ತುಳಿದರೆ ತೊಟ್ಟಿಲು ಒಮ್ಮೆ ತೂಗುತ್ತಿತ್ತು. ಬಟ್ಟೆಯೂ ಬೆಳೆಯಿತು, ಮಗುವೂ ಮಲಗಿತು. ಓಣಿಯವರು ಬಂದು ನೋಡಿ ತಲೆದೂಗಿದರು.

ಎರಡು ವರ್ಷ ಹೀಗೆ ನಡೆಯಿತು. ಮಗುವಿನ ಕಾಲುಗಳು ತೊಟ್ಟಿಲಿನಿಂದ ಹೊರಗೆ ಚಾಚಿದವು. ಹಗ್ಗ ಮಾತ್ರ ಅಲ್ಲೇ ಇತ್ತು. ಮಗ್ಗ ನಿಂತರೆ ಮಗು ಏಳುತ್ತಿತ್ತು. ನೂಲು ಹರಿದಾಗ ಕಾಲು ನಿಲ್ಲಿಸಿ ಗಂಟು ಹಾಕಬೇಕು, ಅಷ್ಟರಲ್ಲಿ ಅಳು. ಹಾಗಾಗಿ ಅವನು ಹರಿದ ನೂಲನ್ನು ಹಾಗೇ ಬಿಟ್ಟು ತುಳಿಯತೊಡಗಿದ. ಸೀರೆಯ ಉದ್ದಕ್ಕೂ ಗೆರೆ ಬಿತ್ತು. ಕೊಳ್ಳಲು ಬಂದವರು ಬಿಚ್ಚಿ ನೋಡಿ, ಮಡಚಿಟ್ಟು ಹೋದರು.

ಅದನ್ನಾದರೂ ಸಹಿಸಬಹುದಿತ್ತು. ಒಂದು ಹೊತ್ತೂ ಪೂರ್ತಿ ಮಲಗದೆ ಮಗು ಸೊರಗಿತು. ಆಡುವ ಹೊತ್ತಿನಲ್ಲಿ ಗೋಡೆಗೆ ಒರಗಿ ಕೂರುತ್ತಿತ್ತು. ತುತ್ತು ಬಾಯಲ್ಲಿರುವಾಗಲೇ ತೂಕಡಿಸುತ್ತಿತ್ತು. “ಇವಳು ನಮಗೆ ಉಳಿಯುತ್ತಾಳೆಯೇ?” ಎಂದು ಹೆಂಡತಿ ಹೆದರಿ ಕೇಳಿದಳು. ನೇಕಾರ ಇನ್ನೂ ಬೇಗ ಬೇಗ ತುಳಿದ.

ಅಮಾವಾಸ್ಯೆ ಬಂತು. ಅಂದು ಆ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಹಿಂದಿನ ಅಮಾವಾಸ್ಯೆಗಳಲ್ಲಿ ಗಂಡ ಹೆಂಡತಿ ಹಗ್ಗವನ್ನು ಕೈಯಿಂದ ಎಳೆದು ಹೇಗೋ ದಿನ ಕಳೆದಿದ್ದರು. ಈಗ ಮಗುವಿಗೆ ಮಗ್ಗದ ಸದ್ದೂ ಬೇಕಿತ್ತು. ಬೆಳಗಿನಿಂದ ಅದು ಕಣ್ಣು ಮುಚ್ಚಿರಲಿಲ್ಲ. ಸಂಜೆಯ ಹೊತ್ತಿಗೆ ಅತ್ತು ಅತ್ತು ದನಿ ಕಟ್ಟಿತು. ನೇಕಾರನಿಗೆ ತಡೆಯಲಾಗಲಿಲ್ಲ. ಕುಣಿಗೆ ಇಳಿದು ಖಾಲಿ ಮಗ್ಗವನ್ನು ತುಳಿಯತೊಡಗಿದ.

ಪಕ್ಕದ ಮನೆಯಲ್ಲಿ, ನೇಕಾರರಿಗೆ ನೂಲು ಸುತ್ತಿಕೊಟ್ಟು ಬದುಕುವ ಒಬ್ಬ ಮುದುಕಿ ಇದ್ದಳು. ಸದ್ದು ಕೇಳಿ ಬಾಗಿಲಿಗೆ ಬಂದಳು.

“ಅಮಾವಾಸ್ಯೆಯ ದಿನ ಮಗ್ಗ ತುಳಿಯುತ್ತೀಯಲ್ಲೋ, ಬುದ್ಧಿ ನೆಟ್ಟಗಿದೆಯೇನು?”

“ನೇಯುತ್ತಿಲ್ಲ ದೊಡ್ಡವ್ವ. ಮಗಳನ್ನು ಮಲಗಿಸುತ್ತಿದ್ದೇನೆ.”

“ನಾಳೆ ಇವಳ ಮದುವೆಯಾದರೆ ಬೀಗರ ಮನೆಗೆ ಈ ಮಗ್ಗವನ್ನೂ ಹೊರಿಸಿ ಕಳಿಸುತ್ತೀಯಾ?”

ಹೆಂಡತಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂದು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅದನ್ನು ಕಂಡು ಮುದುಕಿ ಒಳಗೆ ಬಂದು ಕುಳಿತಳು. ಅವಳ ದನಿ ಮೆತ್ತಗಾಯಿತು.

“ಹಗ್ಗ ಬಿಚ್ಚು ತಮ್ಮಾ. ದೀಪ ಹಚ್ಚುವ ಹೊತ್ತಿಗೆ ಮಗುವಿಗೆ ಉಣಿಸಿ, ಕೈಕಾಲು ತೊಳೆದು, ಚಾಪೆಯ ಮೇಲೆ ಮಲಗಿಸು. ದಿನವೂ ಅದೇ ಹೊತ್ತು, ಅದೇ ಜಾಗ.”

“ಅಳುತ್ತಾಳೆ ದೊಡ್ಡವ್ವ. ಅಳಲು ಬಿಡಲೇ?”

“ಒಬ್ಬಳೇ ಅಳಲಿ ಎಂದೆನೇ? ಪಕ್ಕದಲ್ಲಿ ಕೂರು. ಬೆನ್ನ ಮೇಲೆ ಕೈ ಇಡು. ಎತ್ತಬೇಡ, ಎದ್ದೂ ಹೋಗಬೇಡ.”

ನೇಕಾರ ಹಾಗೆಯೇ ಮಾಡಿದ. ಮಗು ಅತ್ತಿತು. ಅಳು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಕಣ್ಣು ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಮುದುಕಿ ಮೂಲೆಯಲ್ಲಿ ಕುಳಿತು ನೋಡುತ್ತಿದ್ದಳು. ನೇಕಾರನ ಕೈ ಮಗುವಿನ ಬೆನ್ನ ಮೇಲಿತ್ತು. ಅವನ ಕಾಲು ಮಾತ್ರ ಅವನಿಗೇ ತಿಳಿಯದಂತೆ ನೆಲವನ್ನು ತುಳಿಯುತ್ತಿತ್ತು. ಪ್ರತಿ ತುಳಿತಕ್ಕೂ ಮಗು ಕಣ್ಣು ಬಿಡುತ್ತಿತ್ತು. ಮುದುಕಿ ಎದ್ದು ಬಂದು ಅವನ ಮೊಣಕಾಲನ್ನು ಒತ್ತಿ ಹಿಡಿದಳು.

“ಮಗುವಿನದು ಆಮೇಲೆ ನೋಡೋಣ. ಮೊದಲು ಈ ಕಾಲನ್ನು ಮಲಗಿಸು.”

ಅವನು ಕಾಲನ್ನು ನಿಲ್ಲಿಸಿದ. ಅದು ಮತ್ತೆ ಆಡಿತು. ಮತ್ತೆ ನಿಲ್ಲಿಸಿದ. ಬಹಳ ಹೊತ್ತಿನ ಮೇಲೆ ಕಾಲೂ ಮಗುವೂ ಸುಮ್ಮನಾದವು.

ಎರಡನೆಯ ದಿನ, ಮೂರನೆಯ ದಿನ ಅಳು ಕಡಿಮೆಯಾಯಿತು. ನಾಲ್ಕನೆಯ ದಿನ ಮೊದಲಿಗಿಂತ ಹೆಚ್ಚಾಯಿತು. ನೇಕಾರ ಎದ್ದು ಹಗ್ಗ ಹುಡುಕಿದ. ಹೆಂಡತಿ ಅದನ್ನು ನೀರು ಸೇದುವ ಕೊಡಕ್ಕೆ ಕಟ್ಟಿಬಿಟ್ಟಿದ್ದಳು. ಅವನು ಬಂದು ಮತ್ತೆ ಪಕ್ಕದಲ್ಲಿ ಕುಳಿತ. ಆರನೆಯ ದಿನ ಹಗಲು ಮಗು ಗೋಡೆ ಬಿಟ್ಟು ಎದ್ದು, ನೂಲಿನ ಉಂಡೆಯನ್ನು ಮನೆತುಂಬ ಉರುಳಿಸಿತು. ಯಾರೂ ಗದರಲಿಲ್ಲ.

ಒಂಬತ್ತನೆಯ ದಿನ ದೀಪ ಹಚ್ಚಿದರು. ಮಗು ಉಂಡು, ಕೈಕಾಲು ತೊಳೆಸಿಕೊಂಡು, ತಾನೇ ಚಾಪೆಗೆ ಹೋಗಿ ಮಗ್ಗುಲಾಯಿತು. ನೇಕಾರ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುವಷ್ಟರಲ್ಲಿ ಅದಕ್ಕೆ ನಿದ್ದೆ ಹತ್ತಿತ್ತು. ಹೆಂಡತಿ ಮೆಲ್ಲನೆ, “ಬನ್ನಿ, ಇವತ್ತು ಬಿಸಿಯಾಗಿ ಉಣ್ಣಿ” ಎಂದು ಕರೆದಳು. ಅವನು ಏಳಲಿಲ್ಲ. ಬೆನ್ನ ಮೇಲೆ ಇಡಲೆಂದು ಚಾಚಿದ ಕೈ ಮಗಳಿಗೆ ಇನ್ನು ಬೇಕಿರಲಿಲ್ಲ; ಅದನ್ನು ಹಿಂದಕ್ಕೆ ತೆಗೆದುಕೊಂಡು ಅಲ್ಲೇ ಕುಳಿತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ದಾನಮ್ಮ ಕೇಳಿದಳು: “ಅವನು ಬೇಡಿದ್ದು ಅದನ್ನೇ ಅಲ್ಲವೇ ಗುರುಗಳೇ? ಮಗು ಮಲಗಿತು. ಸಂತೋಷದಿಂದ ಎದ್ದು ಊಟಕ್ಕೆ ಹೋಗಬಾರದಿತ್ತೇ?”

ಗುರುಗಳು ಹೇಳಿದರು: “ಮಗಳು ಅಳದೆ ಮಲಗಿದ ದಿನ ಅವನು ಅತ್ತ, ತಾಯಿ.”