ಎರಡನೆಯ ಸಹಿ

ಹಿಮದ ಬೆಟ್ಟದ ಬುಡದಲ್ಲಿ, ನದಿಯ ದಡದ ಮೇಲೆ ಒಂದು ಆಶ್ರಮ. ಅಲ್ಲಿನ ಗುರು ಲೆಂಕಯ್ಯನವರು ಧಾರವಾಡದ ಕಡೆಯಿಂದ ಹೋಗಿ ನೆಲೆಸಿದವರು.

ಅವರು ಕಲಿಸುತ್ತಿದ್ದ ವಿದ್ಯೆ ಒಂದೇ. ಇನ್ನೊಬ್ಬರ ಬಳಕೆಗೆಂದು ಮಾಡಿದ್ದನ್ನು ಪರೀಕ್ಷಿಸುವುದು. ನದಿಯ ಮೆಟ್ಟಿಲಾಗಲಿ, ಬಾಗಿಲ ಅಗುಳಿಯಾಗಲಿ, ಈಚೆಗೆ ವೆಬ್‌ಸೈಟೇ ಆಗಲಿ, ಅವರು ‘ಬಳಕೆಗೆ ಯೋಗ್ಯ’ ಎಂದು ಬರೆದುಕೊಟ್ಟರೆ ಜನ ಕಣ್ಣು ಮುಚ್ಚಿ ನಂಬುತ್ತಿದ್ದರು. ಹಾಗೆ ನಂಬುವವರಿದ್ದಾರೆಂದೇ ಅವರು ಎರಡು ಸಹಿಯ ನಿಯಮ ಮಾಡಿದ್ದರು. ಗುರುವಿನದೊಂದು, ಶಿಷ್ಯರದೊಂದು.

ಏಳು ವರ್ಷದಿಂದ ಎರಡನೆಯ ಸಹಿ ಶಿಷ್ಯೆ ಶಾಲ್ಮಲೆಯದು. ಗುರುಗಳು ಹಾಕಿದರೆ ಅವಳೂ ನೋಡದೆಯೇ ಹಾಕುತ್ತಿದ್ದಳು. ಅದರ ಬಗ್ಗೆ ಅವಳಿಗೆ ಈಚೀಚೆಗೆ ನಾಚಿಕೆಯಾಗತೊಡಗಿತ್ತು.

ಒಂದು ದಿನ ಬೆಟ್ಟದ ಮೇಲಿನ ಸ್ಕೀ ರೆಸಾರ್ಟಿನ ಮ್ಯಾನೇಜರ್ ಲ್ಯಾಪ್‌ಟಾಪ್ ಹಿಡಿದು ಬಂದ. ಮರುದಿನ ಹಂಗಾಮು ಶುರು. ಹೊಸ ವೆಬ್‌ಸೈಟಿಗೆ ಗುರುಗಳ ಒಂದು ಮಾತು ಬೇಕಿತ್ತು.

ಗುರುಗಳು ಒಲೆಯ ಮುಂದೆ ಕೂತು ನೋಡಿದರು. ಪರದೆಯ ತುಂಬ ಹಿಮ ಉದುರುತ್ತಿತ್ತು. ಜನ ನಗುನಗುತ್ತ ಜಾರುತ್ತಿದ್ದರು. ಒಂದೊಂದು ಇಳಿಜಾರಿಗೂ ಚಂದದ ಹೆಸರು. ಎಲ್ಲಕ್ಕಿಂತ ಎತ್ತರದ್ದು ‘ಮುಗಿಲಮಂಚ’. ಗುರುಗಳು ಮನಸೋತರು. ‘ಬಳಕೆಗೆ ಯೋಗ್ಯ’ ಎಂದು ಬರೆದು, ಸಹಿ ಮಾಡಿ, ಹಾಳೆಯನ್ನು ಶಾಲ್ಮಲೆಯತ್ತ ಸರಿಸಿದರು.

“ಹಾಕವಾ.”

“ನೋಡಿ ಹಾಕತೀನ್ರಿ.”

“ನಾ ನೋಡೀನಲ್ಲ?”

“ನೀವು ನೋಡೀರಿ. ನಾ ನೋಡಿಲ್ಲ.”

ಮ್ಯಾನೇಜರ್ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

“ನಿಮ್ಮ ಮಂದಿ ಇದನ್ನ ಬಗಲಾಗ ಇಟ್ಕೊಂಡು ಜಾರತಾರೇನ್ರಿ?” ಎಂದವಳೇ ತನ್ನ ಮೊಬೈಲ್ ತೆಗೆದುಕೊಂಡು, ಉಣ್ಣೆಯ ಕೈಗವಸು ತೊಟ್ಟು ಹೊರಗೆ ಹೋದಳು.

ಬಹಳ ಹೊತ್ತು ಬರಲಿಲ್ಲ. ಬಂದಾಗ ಹೆಗಲ ಮೇಲೆ ಹಿಮ ಕೂತಿತ್ತು, ಕೋಪ ಮೂಗಿನ ತುದಿಯಲ್ಲಿತ್ತು.

“ಸಹಿ ಹಾಕೂದಿಲ್ಲರಿ.”

ಮ್ಯಾನೇಜರ್ ನಕ್ಕ. “ಇದಕ್ಕೆ ಬಹುಮಾನ ಬಂದಿದೆಯಮ್ಮ. ಬಣ್ಣ ಹಿಡಿಸಲಿಲ್ಲವೇ?”

“ಬಣ್ಣ ಚಲೋ ಐತ್ರಿ. ಯಾವ ಇಳಿಜಾರು ಮುಚ್ಚೈತಿ ಅನ್ನೂದು ಎಲ್ಲಿ ಬರದೀರಿ?”

“ಇದೆಯಲ್ಲ. ‘ನಮ್ಮ ಕಥೆ’ ಅನ್ನುವ ಪುಟದಲ್ಲಿ, ಕೆಳಗೆ.”

“ಯಾಕ್ರಿ ಅಷ್ಟು ಕೆಳಗ?”

“ಬಾಗಿಲಲ್ಲೇ ‘ಮುಚ್ಚಿದೆ’ ಅಂತ ಕಂಡರೆ ಯಾರು ಬರುತ್ತಾರೆ?” ಅವನು ಗುರುಗಳ ಕಡೆ ತಿರುಗಿದ. “ನಿಮ್ಮ ಮಾತನ್ನು ಶಿಷ್ಯೆಯೇ ಮೀರುವುದಾದರೆ, ಸ್ವಾಮಿ, ಹೊರಗಿನವರು ಏನು ತಿಳಿದುಕೊಂಡಾರು?”

ಮಾತು ನಾಟಿತು. ಗುರುಗಳ ಮುಖ ಬಿಗಿಯಿತು.

“ನಲವತ್ತು ವರ್ಷದಾಗ ನನ್ನ ಸಹಿ ಒಂಟಿ ಆಗಿಲ್ಲ, ಶಾಲ್ಮಲಾ. ಹಾಕು. ಇಲ್ಲಾಂದ್ರ ಗಂಟು ಕಟ್ಟು.”

ಅವಳಿಗೆ ಈ ದಡ ಬಿಟ್ಟರೆ ಬೇರೆ ಮನೆಯಿರಲಿಲ್ಲ. ಈ ಮುದುಕರನ್ನು ಬಿಟ್ಟರೆ ತನ್ನವರೆನ್ನಲು ಯಾರೂ ಇರಲಿಲ್ಲ. ಆದರೂ ಅವಳ ಕೈ ಲೇಖನಿಯ ಕಡೆ ಹೋಗಲಿಲ್ಲ.

“ಕಟ್ಟತೀನ್ರಿ. ಅದಕ್ಕೂ ಮೊದಲ ಒಂದು ಮಾತು. ಮುಗಿಲಮಂಚ ನಾಳೆ ತೆರದಿರತೈತೋ, ಮುಚ್ಚಿರತೈತೋ? ಹೊರಗ ನಿಂತು ನೋಡಿ ಹೇಳ್ರಿ.” ಕೈಗವಸನ್ನೂ ಮೊಬೈಲನ್ನೂ ಗುರುಗಳ ಮುಂದೆ ಇಟ್ಟಳು.

ಗುರುಗಳು ಅವಳನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಎರಡನ್ನೂ ಎತ್ತಿಕೊಂಡು ಹೊರಗೆ ಹೋದರು.

ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಗವಸಿನ ಬೆರಳಿಗೆ ಪರದೆ ಮಿಸುಕಲಿಲ್ಲ. ಗುರುಗಳು ಗವಸನ್ನು ಹಲ್ಲಿನಿಂದ ಕಿತ್ತರು. ಕನ್ನಡಕ ಮಂಜಾಯಿತು, ಒರೆಸಿದರು, ಮತ್ತೆ ಮಂಜಾಯಿತು. ಹಿಮದ ಕಣ್ಣು ಕುಕ್ಕುವ ಬೆಳಕಿಗೆ ಕೈ ಮರೆಮಾಡಿ ಇಣುಕಿದರು. ಪರದೆಯಲ್ಲಿ ಇನ್ನೂ ಹಿಮ ಉದುರುತ್ತಿತ್ತು, ಜನ ಇನ್ನೂ ನಗುತ್ತಿದ್ದರು.

ಶಾಲ್ಮಲೆಗೆ ಕನಿಕರವಾಯಿತು. ಹೋಗಿ ತೋರಿಸಿಬಿಡೋಣ ಎನ್ನಿಸಿತು. ಹಲ್ಲು ಕಚ್ಚಿ ನಿಂತಳು.

ಕೊನೆಗೆ ಗುರುಗಳು ಒಳಗೆ ಬಂದರು. ಬೆರಳು ನೀಲಿಗಟ್ಟಿದ್ದವು.

“ಸಿಗಲಿಲ್ಲ,” ಎಂದರು.

“ಮುಚ್ಚಿರತೈತ್ರಿ. ನನಗ ಭಾಳ ಹೊತ್ತು ಹುಡುಕಿದ ಮ್ಯಾಲ ಸಿಕ್ತು. ಮುಂಜಾನೆಯಿಂದ ಹಿಮ ಕುಸಿಯೋ ಭಯ ಐತಿ. ನಾಳೆ ಮಂದಿ ನಿಮ್ಮ ಹೆಸರು ನೋಡಿ ಅಲ್ಲೇ ಹತ್ತತಾರ.”

ಮ್ಯಾನೇಜರ್ ತಟ್ಟನೆ ಹಾಳೆಗೆ ಕೈ ಹಾಕಿದ. “ಇರಲಿ ಬಿಡಿ. ನನಗೆ ಗುರುಗಳ ಸಹಿ ಒಂದೇ ಸಾಕು. ಎರಡನೆಯದನ್ನು ಯಾರು ಕೇಳುತ್ತಾರೆ?”

ಶಾಲ್ಮಲೆ ಹಾಳೆಯನ್ನು ಅವನ ಕೈಯಿಂದ ಕಸಿದುಕೊಂಡಳು. ನೇರ ಒಲೆಯ ಬಾಯಿಗೆ ಚಾಚಿದಳು.

ಗುರುಗಳು ಅವಳ ಮಣಿಕಟ್ಟು ಹಿಡಿದರು.

ಮ್ಯಾನೇಜರ್ ಸಮಾಧಾನದ ಉಸಿರು ಬಿಟ್ಟ. ಶಾಲ್ಮಲೆಯ ಕಣ್ಣಲ್ಲಿ ನೀರು ತುಂಬಿತು. ಕೈಯನ್ನು ಮಾತ್ರ ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಬಿಡ್ರಿ, ಗುರುಗಳ. ಸುಡತೀನಿ.”

“ಸುಡಬ್ಯಾಡ,” ಎಂದರು ಲೆಂಕಯ್ಯನವರು. ಲೇಖನಿಯನ್ನು ಅವಳ ಕೈಗೆ ಕೊಟ್ಟರು. “ನನ್ನ ಹೆಸರಿನ ಕೆಳಗ ‘ಈತ ನೋಡದೇ ಬರದಾನ’ ಅಂತ ಬರಿ. ಬರದು, ನಿನ್ನ ಸಹಿ ಹಾಕು.”