ಗ್ರಂಥ ಹೊತ್ತ ಆನೆಯ ಪ್ರಶ್ನೆ

ಹನ್ನೊಂದು ವರ್ಷದಿಂದ ಪ್ರತಿ ಉತ್ಸವದಲ್ಲೂ ಮಠದ ಗ್ರಂಥವನ್ನು ಬೆನ್ನ ಮೇಲೆ ಹೊತ್ತು ಊರು ಸುತ್ತುತ್ತಿದ್ದ ಚಂಪಕಾ ಎಂಬ ಆನೆ, ಆ ಸಲ ಪೇಟೆ ಬೀದಿಯ ನಡುವೆ ನಿಂತುಬಿಟ್ಟಿತು.

"ಯಾಕವ್ವ ನಿಂತೆ? ಕಾಲು ನೋವೇ?" ಎಂದು ಮಾವುತ ದಾವಲಪ್ಪ ಕೇಳಿದ.

"ಕಾಲು ಚೆನ್ನಾಗಿದೆ. ನಾನು ಹೊತ್ತಿರುವ ಗ್ರಂಥದಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾಗಿದೆ."

ದಾವಲಪ್ಪನಿಗೆ ಗೊತ್ತಿರಲಿಲ್ಲ. ಅವನು ಬಾವುಟ ಹಿಡಿದವರನ್ನು ಕೇಳಿದ. ಅವರು ಡೋಲಿನವರ ಕಡೆ ನೋಡಿದರು, ಡೋಲಿನವರು ಮೆರವಣಿಗೆಯ ಯಜಮಾನ ಚಿದಾನಂದಯ್ಯನವರ ಕಡೆ ನೋಡಿದರು. ಜಯಕಾರ ನಿಂತಿತು.

"ಅದು ಪೂಜೆಯ ಗ್ರಂಥ. ಸುಮ್ಮನೆ ನಡೆ," ಎಂದರು ಯಜಮಾನರು. "ಇಲ್ಲದಿದ್ದರೆ ಬರುವ ವರ್ಷ ಲಾರಿ ತರಿಸುತ್ತೇವೆ."

"ತರಿಸಿ ಸ್ವಾಮಿ, ಲಾರಿ ಏನನ್ನೂ ಕೇಳುವುದಿಲ್ಲ. ಆದರೆ ನಿಮಗೆ ತಿಳಿದ ಒಂದೇ ಒಂದು ಸಾಲು ಹೇಳಿದರೂ ನಾನು ಈಗಲೇ ನಡೆಯುತ್ತೇನೆ."

ಯಜಮಾನರು ಬಾಯಿ ತೆರೆದರು. ಗ್ರಂಥದ ಹೆಸರು ಬಂತು, ಸಾಲು ಬರಲಿಲ್ಲ. ಇಡೀ ಬೀದಿ ತಮ್ಮನ್ನೇ ನೋಡುತ್ತಿರುವುದು ಕಂಡು, ಕೊನೆಗೆ ಗ್ರಂಥವನ್ನು ಕೆಳಗಿಳಿಸಿಕೊಂಡು, ರೇಷ್ಮೆ ಬಟ್ಟೆ ಬಿಚ್ಚಿ, ಒಂದಕ್ಕೊಂದು ಅಂಟಿಕೊಂಡಿದ್ದ ಹಾಳೆಗಳನ್ನು ಮೆಲ್ಲಗೆ ಬಿಡಿಸಿ, ಮೊದಲ ಸಾಲನ್ನು ತಡವರಿಸುತ್ತ ಓದಿದರು: "ಕೇಳಬಂದವರು ಮೊದಲು ಕೂತುಕೊಳ್ಳಲಿ."

ಚಂಪಕಾ ಮೊಣಕಾಲು ಮಡಚಿ ಬೀದಿಯಲ್ಲೇ ಕೂತಿತು. ಡೋಲಿನವರು ಡೋಲು ಕೆಳಗಿಟ್ಟು ಕೂತರು, ಬಾವುಟದವರೂ ಕೂತರು. ನಿಂತಿದ್ದವರು ಯಜಮಾನರೊಬ್ಬರೇ.

"ನೀವೂ ಕೂತುಕೊಳ್ಳಿ, ಸ್ವಾಮಿ," ಎಂದಿತು ಆನೆ. "ಎರಡನೆಯ ಸಾಲು ಏನು?"

ಯಜಮಾನರು ಕೂತು ಓದಿದರು. ಆ ದಿನ ಮೆರವಣಿಗೆ ಅಲ್ಲಿಂದ ಮುಂದೆ ಹೋಗಲಿಲ್ಲ.