ಸೀಡಿ ಸುಡುವ ದಾವಲಸಾಬ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂದರೆ, ಹಾಡು ಬೇಕಾದವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಹೋಗಬೇಕಾಗಿದ್ದ ಕಾಲ. ಮಲಪ್ರಭೆಯ ದಂಡೆಯ ಮೇಲೆ ಒಂದೂರು. ಆ ಊರಿಗೊಂದು ಹಿಟ್ಟಿನ ಗಿರಣಿ. ಗಿರಣಿಯ ಗೋಡೆಗೆ ಅಂಟಿಕೊಂಡು ಒಂದು ಪುಟ್ಟ ಅಂಗಡಿ. ಆ ಅಂಗಡಿಯಲ್ಲಿ ಸೀಡಿ ಸುಡುವ ದಾವಲಸಾಬ ಇದ್ದನಂತೆ.

ಸುಡುವುದು ಅಂದರೆ ಬೆಂಕಿ ಹಚ್ಚುವುದಲ್ಲ. ಖಾಲಿ ಸೀಡಿಯನ್ನು ಕಂಪ್ಯೂಟರಿನ ಬಾಯಿಗೆ ಕೊಟ್ಟರೆ ಒಳಗಿನ ಬೆಳಕು ಅದರ ಮೇಲೆ ಹಾಡನ್ನು ಸುಟ್ಟು ಬರೆಯುತ್ತದೆ. ಸುತ್ತಲ ಊರುಗಳಲ್ಲಿ ಸುಡುವವರು ಬೇಕಾದಷ್ಟು ಜನ ಇದ್ದರು. ಅವರ ಸೀಡಿ ಒಂದು ಮಳೆಗಾಲ ಕಳೆಯುವುದರೊಳಗೆ ತೊದಲುತ್ತಿತ್ತು, ಪಲ್ಲವಿಯ ನಡುವೆ ಬಿಕ್ಕುತ್ತಿತ್ತು. ದಾವಲಸಾಬನ ಸೀಡಿ ಬಿಕ್ಕುತ್ತಿರಲಿಲ್ಲವಂತೆ. ಗಾಡಿಯ ಗಾಲಿ ಹಾಯ್ದರೂ ಹಾಡಿತಂತೆ. ಬಾವಿಗೆ ಬಿದ್ದದ್ದನ್ನು ಎತ್ತಿ, ಸೆರಗಿನಿಂದ ಒರೆಸಿ ಹಾಕಿದರೆ ಮೊದಲಿನ ಹಾಗೆಯೇ ಹಾಡಿತಂತೆ. ಗಾಲಿಯ ಮಾತು ಬಿಡಿ, ಬಾವಿಯದು ನಿಜವಿರಬಹುದು.

ಕಾರಣ ಕೇಳಿದರೆ ದಾವಲಸಾಬ ಎದೆಯುಬ್ಬಿಸಿ, ಅದೆಲ್ಲ ತನ್ನ ಸಾಫ್ಟ್‌ವೇರಿನ ಗುಣ ಅನ್ನುತ್ತಿದ್ದ. ಯಾವ ಹಾಡನ್ನು ಹೇಗೆ ಬರೆಯಬೇಕು ಅಂತ ಕಂಪ್ಯೂಟರಿಗೆ ಹೇಳಿಕೊಡುವ ವಿದ್ಯೆ ಅದು. ಅದೂ ಒಂದು ಸೀಡಿಯಲ್ಲೇ ಬರುತ್ತಿತ್ತು. ತನ್ನದನ್ನು ಸೊಲ್ಲಾಪುರದ ಉಸ್ತಾದನೊಬ್ಬ ಕೊಟ್ಟನೆಂದು ಹೇಳುತ್ತಿದ್ದ. ಊರಿನವರು ಸುಮ್ಮನಿದ್ದಾರೆಯೇ? ಅವರ ಬಾಯಲ್ಲಿ ಉಸ್ತಾದ ಫಕೀರನಾದ, ಫಕೀರ ಕಡಲಾಚೆಯಿಂದ ಬಂದ.

ಅದೇ ಊರಲ್ಲಿ ಸೋಬಾನೆ ಹೊಳೆವ್ವ ಇದ್ದಳು. ಅವಳು ಬಾಯಿ ತೆಗೆಯದೆ ಅಲ್ಲಿ ಯಾರ ಮದುವೆಯ ಅರಿಶಿನವೂ ಕುಟ್ಟಿಸಿಕೊಳ್ಳುತ್ತಿರಲಿಲ್ಲವಂತೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು, ಯಾರ ಹಂಗಿಗೂ ಬೀಳದವಳು. ಅಂಥವಳ ಗಂಟಲಲ್ಲಿ ಗಡ್ಡೆ ಬಂತು. ಹುಬ್ಬಳ್ಳಿಗೆ ಹೋಗಿ ಕೊಯ್ಸಿಕೊಳ್ಳಬೇಕು, ಕೊಯ್ದ ಮೇಲೆ ದನಿ ಉಳಿಯುವುದಿಲ್ಲ ಅಂದರು ಡಾಕ್ಟರು. ಹೊಳೆವ್ವ ಜೀವಕ್ಕೆ ಅಂಜಲಿಲ್ಲ. ಸುಗ್ಗಿಯಾದ ಮೇಲೆ ಮೊಮ್ಮಗಳು ನೀಲವ್ವನ ಮದುವೆ; ಊರಿಗೆಲ್ಲ ಹಾಡಿದವಳ ಮನೆಯ ಹಂದರ ಮೂಕಾಗಬೇಕೇ ಅಂತ ಅಂಜಿದಳು. ಹಾಡುಗಳನ್ನೆಲ್ಲ ಸೀಡಿಗೆ ಹಾಕಿಸಿ, ಅದನ್ನು ಕಿವಿಯಾರೆ ಕೇಳಿಯೇ ಹುಬ್ಬಳ್ಳಿಯ ಬಸ್ಸು ಹತ್ತುವುದು ಅಂತ ನಿಶ್ಚಯ ಮಾಡಿದಳು.

ಹೋಗಿ ನೋಡಿದರೆ ದಾವಲಸಾಬ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಆದದ್ದು ಇಷ್ಟು. ಮಹಾನವಮಿಯ ದಿನ ಗಿರಣಿಯ ಗುರುಪಾದಪ್ಪ ತನ್ನ ಯಂತ್ರಕ್ಕೆ ಪೂಜೆ ಮಾಡಿ, ಗೆಳೆಯನ ಅಂಗಡಿಗೂ ಒಳ್ಳೆಯದಾಗಲಿ ಅಂತ ಬಂದು, ಉಸ್ತಾದನ ಸೀಡಿಯ ಮಿರಮಿರ ಮಿಂಚುವ ಮೈಗೆ ಮೂರು ಬೆರಳಿನ ವಿಭೂತಿ ಎಳೆದಿದ್ದ. ಮರುದಿನ ತಾನೇ ಗಿರಣಿಯ ವಸ್ತ್ರದಿಂದ ತಿಕ್ಕಿ ಒರೆಸಿಯೂ ಇಟ್ಟಿದ್ದ. ಆಮೇಲೆ ಒಂದು ಸಂಜೆ ಸಿಡಿಲಿಗೆ ಕಂಪ್ಯೂಟರಿನ ಒಳಗೆಲ್ಲ ಬರಿದಾಯಿತು. ಮತ್ತೆ ತುಂಬಲು ಹೋದರೆ, ಗೀರು ಬಿದ್ದ ಆ ಸೀಡಿ ಬಾಯಿ ಬಿಡಲೊಲ್ಲದು.

ಪೇಟೆಯವರು ಪುಕ್ಕಟೆ ಕೊಟ್ಟ ಬೇರೆ ಸಾಫ್ಟ್‌ವೇರ್ ಇತ್ತು. ದಾವಲಸಾಬನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ.

“ಅದರಾಗ ನಿನ್ನ ದನಿ ಹಾಕಲೇನಬೇ? ನಾಳಿ ತೊದಲಿದರ ಊರು ನನಗ ಉಗುಳತೈತಿ. ಸೊಲ್ಲಾಪುರಕ್ಕ ಹೇಳಿ ಕಳಸೀನಿ, ತಡಿ.”

“ನಾ ತಡೀತೀನೋ, ಗಂಟಲಾಗಿನ ಗಡ್ಡಿ ತಡೀಬೇಕಲ್ಲ?” ಅಂದವಳೇ ಹೊಳೆವ್ವ ಹೊಸ್ತಿಲಲ್ಲೇ ಕೂತು ಹಾಡಲು ಶುರುಮಾಡಿದಳು. ಬೇರೆ ದಾರಿ ಕಾಣದೆ ಅವನು ಮೈಕು ಹಚ್ಚಿದ. ಹಾಡು ಹಾಡಿನ ನಡುವೆ ಅವಳು ಅವನನ್ನು ಗದರಿಸಿದ್ದೂ ಅದರಲ್ಲಿ ಸೇರಿಕೊಂಡಿತು. ಆ ಬೈಗುಳ ತೆಗೆದುಹಾಕು ಅಂತ ಅವಳು ಹೇಳಿದಳು. ಅವನು ತಲೆಯಾಡಿಸಿದ.

ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಸೀಡಿ ಸುಟ್ಟು ಹಚ್ಚಿದ. ಎರಡನೆಯ ಹಾಡಿಗೇ ಅದು ಬಿಕ್ಕಿತು. ದಾವಲಸಾಬ, ನೋಡಿದೆಯಾ, ನಾನು ಹೇಳಿರಲಿಲ್ಲವೇ ಎಂಬಂತೆ ಅವಳ ಮುಖ ನೋಡಿದ. ಹೊಳೆವ್ವ ನೋಡಿಯೇ ಇದ್ದಳು, ಆದರೆ ಅವಳು ನೋಡಿದ್ದು ಬೇರೆ. ಇಷ್ಟು ಕಾಲ ಹಿಟ್ಟು ಬೀಸಿಸಲು ಬಂದು ಕಾಯುವಾಗೆಲ್ಲ ಅವನ ಕೆಲಸ ಕಂಡವಳು ಅವಳು. ಸೀಡಿ ಸುಡುವ ಮುಂಚೆ ಅವನು ಗೋಡೆ ಬಡಿದು ಗಿರಣಿ ನಿಲ್ಲಿಸುತ್ತಿದ್ದ, ಯಾಕೆಂದರೆ ಅದರ ನಡುಕ ಮೇಜಿಗೆ ತಾಗುತ್ತಿತ್ತು. ಧೂಳು ಏಳದಿರಲೆಂದು ಫ್ಯಾನು ಆರಿಸುತ್ತಿದ್ದ. ಸೀಡಿಯ ಅಂಚನ್ನಷ್ಟೇ ಹಿಡಿಯುತ್ತಿದ್ದ. ಅವಸರ ಮಾಡದೆ ಕಂಪ್ಯೂಟರನ್ನು ಮೆಲ್ಲಗೆ ನಡೆಸುತ್ತಿದ್ದ. ಇಂದು ಅದ್ಯಾವುದೂ ಇಲ್ಲ! ಹಾಡು ಮುಗಿದದ್ದೇ ಗಿರಣಿ ಮತ್ತೆ ಗಡಗಡ ಅನ್ನುತ್ತಿತ್ತು, ಫ್ಯಾನು ಮತ್ತೆ ತಿರುಗುತ್ತಿತ್ತು.

“ಗಿರಣಿ ನಿಲ್ಲಸೋದು ನಿನ್ನ ಉಸ್ತಾದನ ಸಾಫ್ಟ್‌ವೇರೇನೋ?”

“ಅಲ್ಲಬೇ, ನಾನು.”

“ಮೆಲ್ಲಕ ನಡಸು ಅಂತ ಹೇಳೂದು?”

“ಅದೂ ನಾನ. ಹೇಳಿದರ ಯಾವ ಸಾಫ್ಟ್‌ವೇರಾದರೂ ಕೇಳತೈತಿ.”

“ಮತ್ತ? ಒಲಿ ಬದಲಾದರ ರೊಟ್ಟಿ ಬಡಿಯೋ ಕೈ ಬದಲಾಗತೈತೇನೋ ಹುಚ್ಚಪ್ಪಾ?”

“ಒಲಿ ಹೊಗಿ ಕಾರಿದರ ರೊಟ್ಟಿ ಕರಕಾಗತೈತಿ.”

“ತಿಂದ ಮ್ಯಾಲ ಹೇಳು, ಕರಕೋ ಬೆಳಕೋ!”

ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರೆಲ್ಲ ನಕ್ಕರು. ದಾವಲಸಾಬ ಎದ್ದ. ಗೋಡೆ ಬಡಿದ. ಗುರುಪಾದಪ್ಪ, ತನ್ನಿಂದಲೇ ಆದ ತಪ್ಪಲ್ಲವೇ ಅಂತ, ಗಿರಣಿ ನಿಲ್ಲಿಸಿದ. ಫ್ಯಾನು ನಿಂತಿತು. ದಾವಲಸಾಬ ಹೊಸ ಸೀಡಿಯನ್ನು ಅಂಚು ಹಿಡಿದು ಎತ್ತಿದ. ಅದೇ ಪುಕ್ಕಟೆ ಸಾಫ್ಟ್‌ವೇರು, ಅದೇ ಕಂಪ್ಯೂಟರು. ಎಲ್ಲರೂ ಬೆವರು ಸುರಿಸುತ್ತ ಕೂತರಂತೆ. ಸುಟ್ಟಾದ ಮೇಲೆ ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಹೊಳೆವ್ವ ಕಣ್ಣು ಮುಚ್ಚಿ ಕೇಳಲು ಕೂತಳು. ಹಾಡುಗಳ ನಡುವಿನ ತುಣುಕು ಬಂದಾಗ ದಾವಲಸಾಬ ಕಂಪ್ಯೂಟರಿನ ದನಿ ಇಳಿಸಿ, ಬೇಕಂತಲೇ ಕೆಮ್ಮಿದ. ಸೀಡಿ ಒಂದು ಕಡೆಯೂ ಬಿಕ್ಕಲಿಲ್ಲ. ಬಿಕ್ಕಿದವನು ದಾವಲಸಾಬನೇ ಅಂತ ಹೇಳುವವರೂ ಇದ್ದಾರೆ.

ಹೊಳೆವ್ವ ಹುಬ್ಬಳ್ಳಿಗೆ ಹೋದಳು, ಜೀವ ಉಳಿಸಿಕೊಂಡು ಬಂದಳು. ದನಿ ಬರಲಿಲ್ಲ. ನೀಲವ್ವನ ಅರಿಶಿನದ ದಿನ ಹಂದರದಲ್ಲಿ ಸೀಡಿ ಹಚ್ಚಿದರು. ಹೊಳೆವ್ವನ ಹಾಡು ತುಂಬಿಕೊಂಡು ಬಂತು. ಬಾಯಿಲ್ಲದ ಹೊಳೆವ್ವ ಒನಕೆ ಹಿಡಿದು ತನ್ನದೇ ಹಾಡಿಗೆ ಅರಿಶಿನ ಕುಟ್ಟಿದಳು. ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಸೀಡಿಯೊಳಗಿಂದ ಅವಳ ಗಂಟಲು ಗದರಿತು: “ಏ ದಾವಲ್ಯಾ, ಫ್ಯಾನ್ ಬಂದ್ ಮಾಡೀಯೇನೋ?” ಅದರ ಹಿಂದೆಯೇ ಅವನ ಅಂಜಿದ ದನಿ: “ಮಾಡೀನಿ ಬೇ ಯವ್ವಾ!”

ಹಾಡಿನ ದನಿ ಉಳಿಯಬೇಕು ಅಂತ ಎಲ್ಲರೂ ಬೇಡಿಕೊಂಡಿದ್ದರು. ಬೈಯುವ ದನಿ ಉಳಿಸಿಕೊಳ್ಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಹೊಳೆವ್ವ ಒನಕೆ ಬಿಟ್ಟು, ಮೂಲೆಯಲ್ಲಿ ನಿಂತಿದ್ದ ದಾವಲಸಾಬನ ಕಡೆ ತಿರುಗಿ ಬೆರಳು ಅಲ್ಲಾಡಿಸಿದಳು, ಆಮೇಲೆ ಅದೇ ಕೈಯಿಂದ ಕಣ್ಣು ಒರೆಸಿಕೊಂಡಳು.

ಈಗ ಆ ಅಂಗಡಿ ಇಲ್ಲ, ದಾವಲಸಾಬ ಇಲ್ಲ, ಹೊಳೆವ್ವ ಇಲ್ಲ. ಸೊಲ್ಲಾಪುರದ ಸಾಫ್ಟ್‌ವೇರು ದೊಡ್ಡದೋ, ಪೇಟೆಯದು ದೊಡ್ಡದೋ ಅಂತ ಜಗಳ ತೆಗೆಯುವ ಮುದುಕರು ಮಾತ್ರ ಒಂದಿಬ್ಬರು ಇದ್ದಾರೆ. ಆ ಹಾಡುಗಳು ಸೀಡಿಯಿಂದ ಎದ್ದು ಮೊಬೈಲುಗಳಿಗೆ ಹೋಗಿ ಕೂತಿವೆ. ಅವಕ್ಕೆ ಧೂಳಿನ ಹೆದರಿಕೆಯೂ ಇಲ್ಲ, ಗಿರಣಿಯ ನಡುಕವೂ ಇಲ್ಲ. ಆದರೂ ಆ ಊರಲ್ಲಿ, ಬಿರುಬಿಸಿಲಿನ ಮದುವೆಯಲ್ಲಿ, ಹೊಳೆವ್ವನ ದನಿ ಗದರಿದೊಡನೆ ಹಂದರಕ್ಕೆ ಹಂದರವೇ “ಮಾಡೀನಿ ಬೇ ಯವ್ವಾ!” ಅಂತ ಕೂಗುತ್ತದೆ. ಯಾರಾದರೂ ಒಬ್ಬರು ಎದ್ದು ಹೋಗಿ ಫ್ಯಾನು ಆರಿಸುತ್ತಾರೆ. ಹಾಡು ಮುಗಿಯುವ ತನಕ ಬೀಗರು ಬಿಜ್ಜರೆಲ್ಲ ಬೆವರುತ್ತ ಕೂರುತ್ತಾರೆ.